ಗೋಡೆಯ ಮೇಲಿನ ಕಲೆ

ವಾರವಿಡೀ ಹಲ್ಲು ಕಟ್ಟುವುದು ಅವನ ಕೆಲಸ. ದಂತವೈದ್ಯರು ಕಳಿಸಿದ ಅಚ್ಚಿಗೆ ಗಾರೆಯಂಥ ಬಿಳಿ ಪುಡಿ ಕಲಸಿ ಸುರಿದು, ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಡಬ್ಬಿಗೆ ಹಾಕುವುದು. ಆ ಹಲ್ಲು ಯಾರ ಬಾಯಿಗೆ ಹೋಗುತ್ತದೆ, ಅವರು ಅದರಲ್ಲಿ ನಗುತ್ತಾರೋ ಬೈಯುತ್ತಾರೋ ಅವನಿಗೆ ತಿಳಿಯುತ್ತಿರಲಿಲ್ಲ. ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ. ಎದುರಿಗಿರುವವರ ಮುಖ ನೋಡಿ ಮಾತಾಡುವುದೆಂದರೆ ಅವನಿಗೆ ಮೊದಲಿನಿಂದಲೂ ಸ್ವಲ್ಪ ಇರುಸುಮುರುಸು. ಹೋಟೆಲಿನಲ್ಲಿ ಕಾಫಿ ಕೇಳಿದಾಗ ಚಹಾ ತಂದಿಟ್ಟರೆ, ಚಹಾವನ್ನೇ ಕುಡಿದು ಚೆನ್ನಾಗಿತ್ತು ಎಂದು ಹೇಳಿ ಬರುವ ಪೈಕಿ.

ಭಾನುವಾರ ಮಾತ್ರ ಅವನು ಬೇರೆಯೇ ಮನುಷ್ಯ. ಬೆಳಗಾಗುವುದಕ್ಕೆ ಮುಂಚೆ ಎದ್ದು, ಬ್ಯಾಟರಿ ತುಂಬಿದೆಯೇ ನೋಡಿ, ಲೆನ್ಸಿಗೆ ಉಫ್ ಎಂದು ಊದಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಟನೆಂದರೆ ಊಟದ ಹೊತ್ತಿಗೇ ಮನೆ ಸೇರುವುದು. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಫೋಕಸ್ಸಿಗೇ ತಂದು ನಿಲ್ಲಿಸುತ್ತಾನೆಂದು ಜೊತೆ ಕೆಲಸಗಾರರು ಅವನಿಗೆ ಫೋಕಸ್ ಎಂದೇ ಹೆಸರಿಟ್ಟಿದ್ದರು. ನಾವೂ ಹಾಗೆಯೇ ಕರೆಯೋಣ.

ಫೋಕಸ್ ಜನರ ಫೋಟೋ ತೆಗೆಯುತ್ತಿರಲಿಲ್ಲ. ಸಿಪ್ಪೆ ಎದ್ದ ಬಾಗಿಲು, ತುಕ್ಕು ಹಿಡಿದ ಚಿಲಕ, ಬಿರುಕು, ಪಾಚಿ, ಮೆಟ್ಟಿಲ ನೆರಳು, ತಾರಸಿಯ ಮೇಲೆ ಯಾರೋ ಬಿಟ್ಟುಹೋದ ಮೂರು ಕಾಲಿನ ಕುರ್ಚಿ. ಚೌಕಟ್ಟಿನೊಳಗೆ ಯಾರಾದರೂ ನಡೆದು ಬಂದರೆ, ಅವರು ದಾಟಿ ಹೋಗುವವರೆಗೆ ಉಸಿರು ಹಿಡಿದು ಕಾಯುತ್ತಿದ್ದ. ಇಂಥ ಫೋಟೋಗಳಿಗೆ ಕಟ್ಟು ಹಾಕಿಸಿ ಮನೆಯ ನಡುಕೋಣೆಯ ತುಂಬ ತೂಗುಹಾಕಿದ್ದ. ಒಮ್ಮೆ ಬಂದಿದ್ದ ಹೆಂಡತಿಯ ತಮ್ಮ ಒಂದೊಂದನ್ನೂ ಗಮನವಿಟ್ಟು ನೋಡಿ, "ಇವೆಲ್ಲ ರಿಪೇರಿಗೆ ಮುಂಚಿನ ಫೋಟೋಗಳು, ಅಲ್ವಾ ಭಾವ? ರಿಪೇರಿ ಆದ್ಮೇಲಿನವು ಎಲ್ಲಿ?" ಎಂದು ಕೇಳಿದ್ದ.

ಹೆಂಡತಿಗೆ ದೊಡ್ಡ ಬಸ್ ನಿಲ್ದಾಣದಲ್ಲಿ ಕೆಲಸ. ಪ್ರಯಾಣಿಕರು ಮರೆತುಬಿಟ್ಟ ಸಾಮಾನುಗಳನ್ನು ಇಟ್ಟುಕೊಂಡು, ಕೇಳಿ ಬಂದವರಿಗೆ ಒಪ್ಪಿಸುವ ಕೌಂಟರಿನವಳು.

"ನಮ್ಮ ಕೌಂಟರಿಗೆ ಒಂಟಿ ಚಪ್ಪಲಿ ಬಂದ್ರೂ ಹುಡುಕ್ಕೊಂಡು ಒಬ್ರು ಬರ್ತಾರೆ ಕಣ್ರೀ," ಎನ್ನುತ್ತಿದ್ದಳು ಅವಳು. "ನಿಮ್ಮ ಈ ಚಿಲಕಾನ ನಂದು ಅಂತ ಕೇಳ್ಕೊಂಡು ಯಾರು ಬರ್ತಾರೆ ಹೇಳಿ?"

"ಇದು ಕಲೆ. ನಿಂಗೆ ಅರ್ಥ ಆಗಲ್ಲ."

"ಕಲೆ ಅಂತ ಕಾಣಿಸ್ತಾನೇ ಇದೆಯಲ್ಲ. ಸೋಪು ಹಾಕಿ ಉಜ್ಜಿದ್ರೂ ಹೋಗಲ್ಲ ಅಂಥ ಕಲೆ. ಒಂದೇ ಒಂದರಲ್ಲಿ ನನ್ನ ಮೊಣಕೈ ಬಂದಿತ್ತು. ಫೋಟೋ ಕೆಟ್ಟೋಯ್ತು ಅಂತ ಅದನ್ನೂ ಅಳಿಸಿಬಿಟ್ರಿ!"

ಅವಳ ಮಾತಿನಲ್ಲಿ ಮುನಿಸಿಗಿಂತ ನಗುವೇ ಜಾಸ್ತಿ ಇರುತ್ತಿದ್ದುದರಿಂದ ಫೋಕಸ್ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಅವನಿಗೆ ಒಂದು ಗೋಡೆ ಸಿಕ್ಕಿತು.

ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮೂರು ಮಹಡಿಯ ಹಳೆಯ ಕಟ್ಟಡವೊಂದಿತ್ತು. ಕೆಳಗೆ ದರ್ಜಿಯ ಅಂಗಡಿ, ಮೇಲೆ ಬಾಡಿಗೆಯ ಮನೆಗಳು. ಅದರ ಪಕ್ಕದ ಗೋಡೆಯ ಮೇಲಿಂದ ಕೆಳಗಿನವರೆಗೆ ಒಂದು ಕಬ್ಬಿಣದ ಕೊಳವೆ. ಅದು ವರ್ಷಾನುಗಟ್ಟಲೆ ಸೋರಿ ಸೋರಿ ಗೋಡೆಯ ಮೇಲೆ ಮರದ ಕೊಂಬೆಗಳ ಹಾಗೆ ಕಂದು ಗೆರೆಗಳನ್ನು ಹರಡಿತ್ತು. ಸುಣ್ಣ ಉದುರಿದ ಕಡೆ ಕೆಳಗಿನ ಹಸಿರು, ಹಸಿರು ಉದುರಿದ ಕಡೆ ಅದಕ್ಕೂ ಹಿಂದಿನ ನೀಲಿ. ಬೆಳಗಿನ ಬಿಸಿಲು ಎದುರು ಕಟ್ಟಡದ ಕಿಟಕಿ ಸರಳುಗಳನ್ನು ಹಾದು ಅದರ ಮೇಲೆ ಬಿದ್ದಾಗ ಫೋಕಸ್ಸಿಗೆ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. ಅವನು ಬೇರೆ ಬೀದಿಗಳನ್ನೆಲ್ಲ ಬಿಟ್ಟು ಭಾನುವಾರ ಭಾನುವಾರ ಅಲ್ಲಿಗೇ ಹೋಗತೊಡಗಿದ. ನಿಂತು ತೆಗೆದ, ಕುಕ್ಕರಗಾಲಲ್ಲಿ ಕೂತು ತೆಗೆದ, ರಸ್ತೆಯ ಮೇಲೆ ಅಂಗಾತ ಮಲಗಿಯೂ ತೆಗೆದ.

ಅಂಗಡಿಯ ಬಾಗಿಲಲ್ಲಿ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡು ನಿಂತು ಇದನ್ನೆಲ್ಲ ನೋಡುತ್ತಿದ್ದ ದರ್ಜಿ ಒಂದು ದಿನ ಹತ್ತಿರ ಬಂದ.

"ಏನ್ ಸಾರ್, ಪ್ರತಿ ವಾರ ಬರ್ತೀರಲ್ಲ, ಏನ್ ನೋಡ್ತಿದ್ದೀರಾ?"

"ಈ ಗೋಡೆ," ಎಂದ ಫೋಕಸ್, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಎಂಥಾ ಸ್ಥಿತಿಗೆ ಬಂದಿದೆ ನೋಡಿ. ಊರಲ್ಲಿ ಇಂಥಾದ್ದು ಇನ್ನೊಂದು ಇಲ್ಲ."

ದರ್ಜಿ ಗೋಡೆಯನ್ನು ನೋಡಿದ, ಇವನನ್ನು ನೋಡಿದ. ದನಿ ತಗ್ಗಿಸಿ, "ಆ ಕೊಳವೆ ಕೂಡ ಬರುತ್ತಾ ಫೋಟೋದಲ್ಲಿ?" ಎಂದ.

"ಕೊಳವೆನೇ ಮುಖ್ಯ. ಎಲ್ಲಾ ಶುರುವಾಗಿರೋದೇ ಅದರಿಂದ ಅಲ್ವಾ?"

"ಮುಂದಿನ ವಾರಾನೂ ಬರ್ತೀರಾ ಸಾರ್?"

"ಬರ್ತೀನಿ. ಇದನ್ನ ಇಷ್ಟಕ್ಕೇ ಬಿಡೋ ಹಾಗಿಲ್ಲ."

ಇವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಅದು ದರ್ಜಿಯ ಕಿವಿಗೆ ಹೋಗುವಾಗ ಬೇರೆ ವೇಷ ಹಾಕಿತು.

ಮುಂದಿನ ಭಾನುವಾರ ಫೋಕಸ್ ಬಂದು ನೋಡಿದರೆ ಕಬ್ಬಿಣದ ಕೊಳವೆ ಇಲ್ಲ! ಅದರ ಜಾಗದಲ್ಲಿ ಹೊಚ್ಚ ಹೊಸ ಪ್ಲಾಸ್ಟಿಕ್ ಕೊಳವೆ ಬೂದು ಬಣ್ಣದಲ್ಲಿ ಮಿಂಚುತ್ತಿತ್ತು. ಹತ್ತಿರದ ನೆಂಟರು ತೀರಿಹೋದ ಸುದ್ದಿ ಕೇಳಿದವನ ಹಾಗೆ ಅವನು ನಿಂತುಬಿಟ್ಟ. ದರ್ಜಿ ಅಂಗಡಿಯೊಳಗಿನ ಕುರ್ಚಿ ತಂದು ಹಾಕಿ, ಸೀಟು ಒರೆಸಿ, "ಕೂತ್ಕೊಳ್ಳಿ ಸಾರ್, ನೋಡಿದ್ರಾ ಕೊಳವೆ?" ಎಂದ. ಚಹಾ ಬಂತು. ಕಾಫಿ ಕುಡಿಯುವ ಫೋಕಸ್ ಚಹಾ ಕುಡಿದ. ಬೇಡವೆನ್ನುವುದು ಹೇಗೆಂದು ಅವನಿಗೆ ಗೊತ್ತಿದ್ದರೆ ತಾನೇ?

ಕಲೆಯಾದರೂ ಉಳಿದಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಅದರ ಮರುವಾರ ಬಂದ. ಗೋಡೆಗೆ ಗಾರೆ ಮೆತ್ತಿ, ಮೇಲಿಂದ ಕೆಳಗೆ ಕೆನೆ ಬಣ್ಣ ಬಳಿದಿದ್ದರು. ಈ ಸಲ ಅವನಿಗೆ ತಡೆಯಲಾಗಲಿಲ್ಲ.

"ಏನ್ರೀ ಇದು! ಯಾರ್ ಹೇಳಿದ್ರು ಈ ಬಣ್ಣ ಬಳಿಯೋಕೆ? ಮೊದ್ಲು ಹೇಗಿತ್ತೋ ಹಾಗೇ ಇರ್ಬೇಕಿತ್ತು!"

ದರ್ಜಿಯ ಮುಖ ಬಿಳಿಚಿಕೊಂಡಿತು. "ತಪ್ಪಾಯ್ತು ಸಾರ್. ಕಟ್ಟಡದ ಯಜಮಾನ್ರಿಗೆ ಇವತ್ತೇ ಹೇಳ್ತೀನಿ."

ಮನೆಗೆ ಬಂದ ಫೋಕಸ್ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಹೆಂಡತಿ ಬಾಯಿ ಬಿಡಿಸಿದಳು. ಕೊಳವೆ ಹೋಯಿತು, ಕಲೆ ಹೋಯಿತು, ನನಗೆ ಇಷ್ಟವಾದುದನ್ನೇ ಹುಡುಕಿ ಹುಡುಕಿ ಹಾಳುಮಾಡುತ್ತಿದ್ದಾರೆ, ಅಂದರೆ ರಿಪೇರಿ ಮಾಡುತ್ತಿದ್ದಾರೆ ಎಂದು ಅವನು ಒಂದೇ ಉಸಿರಿಗೆ ಹೇಳಿಕೊಂಡ.

"ಕುರ್ಚಿ ಹಾಕಿದ್ರಾ? ಚಹಾನೂ ಕೊಟ್ರಾ?" ಎಂದಳು ಅವಳು, ಹುಬ್ಬು ಮೇಲೇರಿಸಿ.

"ಜನ ತುಂಬಾ ಒಳ್ಳೆಯೋರು."

"ಹೂಂ... ಮುಂದಿನ ವಾರ ನಾನೂ ಬರ್ತೀನಿ. ಇಷ್ಟು ಒಳ್ಳೆ ಜನಾನ ನಾನೂ ಒಂದ್ಸಲ ನೋಡ್ಬೇಕು."

ಆ ಭಾನುವಾರ ಗೋಡೆ ಹಸಿರಾಗಿತ್ತು. ಹಸಿರೆಂದರೆ ಗಿಣಿಯೂ ನಾಚಬೇಕು, ಅಂಥ ಹಸಿರು. ಬೀದಿಯ ತಿರುವಿನಲ್ಲಿ ಇವರು ಕಾಣಿಸಿಕೊಂಡದ್ದೇ ಮೊದಲನೇ ಮಹಡಿಯವರು ಒಣಹಾಕಿದ ಬಟ್ಟೆಗಳನ್ನು ಸರಸರನೆ ಒಳಗೆ ಎಳೆದುಕೊಂಡರು. ಯಾರೋ ಮೆಟ್ಟಿಲ ಕೆಳಗಿದ್ದ ಸೈಕಲ್ಲನ್ನು ಹೊತ್ತುಕೊಂಡು ಮರೆಯಾದರು. ದರ್ಜಿ ಇಂದು ಎರಡು ಕುರ್ಚಿ ಹಾಕಿ, "ಮೊದ್ಲಿದ್ದ ಬಣ್ಣ ಇದೇ ಸಾರ್. ಹಳೇ ಬಾಡಿಗೆದಾರರನ್ನ ಕೇಳಿಯೇ ಬಳಿಸಿದ್ವಿ," ಎಂದು ಕೈಕಟ್ಟಿ ನಿಂತ.

ಹೆಂಡತಿ ಕುರ್ಚಿಯನ್ನು ನೋಡಿದಳು, ದರ್ಜಿಯನ್ನು ನೋಡಿದಳು. ಬೇರೆಯವರ ಚೀಲವನ್ನು ತನ್ನದೆನ್ನುವವರ ಮುಖವನ್ನೂ, ತನ್ನದೇ ಚೀಲ ಕೇಳಲು ಹೆದರುವವರ ಮುಖವನ್ನೂ ದಿನಾ ನೋಡುವವಳಿಗೆ ಇದೇನೂ ಕಷ್ಟದ ಲೆಕ್ಕವಾಗಿರಲಿಲ್ಲ. ಗಂಡನನ್ನು ಪಕ್ಕಕ್ಕೆ ಎಳೆದಳು.

"ರೀ, ಇವ್ರು ನಿಮ್ಮನ್ನ ನಗರಸಭೆ ಇನ್ಸ್‌ಪೆಕ್ಟರು ಅಂದ್ಕೊಂಡಿದ್ದಾರೆ."

"ಛೆ, ನನ್ನನ್ನಾ?"

"ಮತ್ತೆ ನನ್ನನ್ನಾ? ನಿಮ್ಮ ಫೋಟೋಗೆ ಹೆದರಿ ಕಟ್ಟಡದ ಯಜಮಾನ ರಿಪೇರಿ ಮಾಡಿಸ್ತಿದ್ದಾನೆ. ಈ ಹಸಿರು ನಿಮ್ಮದೇ ಆಜ್ಞೆ, ನೋಡ್ಕೊಳ್ಳಿ ಕಣ್ತುಂಬ." ಅಷ್ಟು ಹೇಳಿ, ಸೆರಗಿನಿಂದಲೋ ಕರವಸ್ತ್ರದಿಂದಲೋ ಬಾಯಿ ಮುಚ್ಚಿಕೊಳ್ಳಲೂ ಪುರುಸೊತ್ತಿಲ್ಲದೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ಈಗಲೇ ನಿಜ ಹೇಳಿಬಿಡಬೇಕು ಎಂದು ಫೋಕಸ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮೇಲಿನಿಂದ ಒಂದು ದನಿ ಬಂತು.

"ಏಯ್, ಕ್ಯಾಮೆರಾದೋನೇ! ಬರೀ ಕೆಳಗೇ ನಿಂತ್ರೆ ಆಯ್ತಾ? ಮೇಲೆ ಬಾ."

ಮೂರನೇ ಮಹಡಿಯ ಅಜ್ಜಿ. ಕಟ್ಟಡಕ್ಕೆ ಎಲ್ಲರಿಗಿಂತ ಮೊದಲು ಬಂದ ಬಾಡಿಗೆದಾರಳು. ಆಕೆ ಕರೆದರೆ ಹೋಗದಿರುವ ಧೈರ್ಯ ಅಲ್ಲಿ ಯಾರಿಗೂ ಇದ್ದಂತೆ ಕಾಣಲಿಲ್ಲ. ಗಂಡ ಹೆಂಡತಿ ಮೆಟ್ಟಿಲು ಹತ್ತಿದರು. ಎರಡನೇ ಮಹಡಿಯ ನಂತರ ಮೆಟ್ಟಿಲಿಗೆ ಕಂಬಿಯೇ ಇರಲಿಲ್ಲ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಕೆಳಗಿನ ಅಂಗಳದವರೆಗೂ ಬರೀ ಗಾಳಿ.

ಅಜ್ಜಿಯ ಕೋಣೆಯಲ್ಲಿ ಮಂಚವನ್ನು ನಡುಮಧ್ಯಕ್ಕೆ ಎಳೆದಿದ್ದರು. ಮೊದಲು ಮಂಚವಿದ್ದ ಮೂಲೆಯಲ್ಲಿ ಮೇಲ್ಛಾವಣಿ ಒದ್ದೆಯಾಗಿ ಉಬ್ಬಿತ್ತು. ಅದರ ಕೆಳಗೊಂದು ಬಕೆಟ್ಟು.

"ಅಜ್ಜಿ, ತಪ್ಪು ತಿಳ್ಕೋಬೇಡಿ," ಎಂದು ಫೋಕಸ್ ಶುರುಮಾಡಿದ. "ನಾನು ನಗರಸಭೆಯವನಲ್ಲ. ಹಲ್ಲು ಕಟ್ಟೋನು. ಇದು ಬರೀ ಹವ್ಯಾಸ."

"ಗೊತ್ತು."

"ಗೊತ್ತಾ?"

"ಯಾವ ಆಫೀಸಿನೋನಪ್ಪ ಭಾನುವಾರ ಬೆಳಬೆಳಗ್ಗೆ ಎದ್ದು ಕೆಲ್ಸಕ್ಕೆ ಬರ್ತಾನೆ? ಅದೂ ರಸ್ತೆ ಮೇಲೆ ಮಲಗಿ! ಮೊದಲನೇ ದಿನಾನೇ ಅಂದ್ಕೊಂಡೆ, ಇವನು ಯಾರೋ ಪಾಪದೋನು ಅಂತ."

ಹೆಂಡತಿ ಮತ್ತೆ ನಗಲು ಶುರುಮಾಡಿದಳು. ಅಜ್ಜಿ ಅವಳನ್ನು ಮೆಚ್ಚುಗೆಯಿಂದ ನೋಡಿ, ಪಕ್ಕದಲ್ಲಿ ಕೂರಿಸಿಕೊಂಡಳು.

"ನೋಡಮ್ಮ, ಆ ಕೊಳವೆ ಸರಿಮಾಡ್ಸು ಅಂತ ಯಜಮಾನಂಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಯ್ತು. ನಿನ್ನ ಗಂಡ ಏನೂ ಮಾತಾಡ್ದೆ ಮಾಡ್ಸಿದ. ಇನ್ನು ಮೆಟ್ಟಿಲಿಗೆ ಕಂಬಿ, ಈ ಸೂರು. ಅಷ್ಟು ಆಗೋವರೆಗೂ ಬಾಯಿಗೆ ಬೀಗ ಹಾಕ್ಕೊಂಡು ನಿಂತಿರ್ಲಿ, ಸಾಕು."

"ಮಾತಾಡದೆ ಇರೋದ್ರಲ್ಲಿ ಇವ್ರನ್ನ ಮೀರಿಸೋರಿಲ್ಲ ಬಿಡಿ," ಎಂದಳು ಹೆಂಡತಿ.

"ಆದ್ರೆ ಅದು ಮೋಸ ಆಗುತ್ತೆ," ಎಂದ ಫೋಕಸ್. ಅವನ ಕಿವಿಗಳು ಕೆಂಪಾಗಿದ್ದವು. "ನಂಗೊತ್ತಿಲ್ಲದಾಗ ಆಗಿದ್ದು ಬೇರೆ. ಗೊತ್ತಾದ್ಮೇಲೂ ಸುಮ್ನಿರೋಕೆ ನನ್ನಿಂದಾಗಲ್ಲ."

ಹೆಂಡತಿಯ ನಗು ನಿಂತಿತು. ಅವಳು ಗಂಡನನ್ನು ಒಂದು ಗಳಿಗೆ ನೋಡಿದಳು. ಚಹಾ ಬೇಡವೆನ್ನಲಾರದ ಮನುಷ್ಯ ಬೇಡ ಎಂದದ್ದನ್ನು ಅವಳು ಅಷ್ಟೊಂದು ಸಲ ಕೇಳಿರಲಿಲ್ಲ.

ಕೆಳಗೆ ಇಳಿದು ಬಂದರೆ ಯಜಮಾನ ಕಾಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಮೂಗಿನ ತುದಿಯಲ್ಲೇ ಇರುವ ಕೋಪವನ್ನು ಇವತ್ತಿನ ಮಟ್ಟಿಗೆ ಜೇಬಿಗೆ ಹಾಕಿಕೊಂಡು ಬಂದಂಥ ನಗು.

"ಹೇಳಿ ಸಾರ್, ಇನ್ನೇನು ಬಾಕಿ ಇದೆ? ಎಲ್ಲಾ ನೀವು ಹೇಳಿದ ಹಾಗೇ ಮಾಡ್ಸಿದ್ದೀನಿ."

ಫೋಕಸ್ ಹೇಳಿದ. ತೊದಲಿದ, ಬೆವರಿದ, ಎರಡು ಸಲ ಕ್ಯಾಮೆರಾದ ಮುಚ್ಚಳ ಬೀಳಿಸಿ ಎತ್ತಿಕೊಂಡ. ಆದರೂ ಪೂರ್ತಿ ಹೇಳಿದ. ಯಜಮಾನ ಮೊದಲು ನಂಬಲಿಲ್ಲ. ನಂಬಿದ ಮೇಲೆ ಜೇಬಿನಲ್ಲಿದ್ದ ಕೋಪ ಹೊರಗೆ ಬಂತು.

"ಹಲ್ಲು ಕಟ್ಟೋನಾ? ನಾನು ಎರಡೆರಡು ಸಲ ಬಣ್ಣ ಬಳಿಸಿದ್ದೀನಿ ಕಣ್ರೀ! ನಿಮ್ಮೇಲೆ ದೂರು ಕೊಡ್ತೀನಿ!" ನಂತರ ದರ್ಜಿಯ ಕಡೆ ತಿರುಗಿ, "ನೀನೇ ಅಲ್ವೇನೋ ಇನ್ಸ್‌ಪೆಕ್ಟರು ಅಂದಿದ್ದು?" ಎಂದ. ದರ್ಜಿ ಅಂಗಡಿಯೊಳಗೆ ಯಾವುದೋ ಗುಂಡಿ ಹುಡುಕಲು ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ.

"ಇವ್ರು ಯಾರಿಗೂ ಇನ್ಸ್‌ಪೆಕ್ಟರು ಅಂತ ಹೇಳಿಲ್ಲ," ಎಂದಳು ಹೆಂಡತಿ, ಕೌಂಟರಿನ ದನಿಯಲ್ಲಿ. "ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೊಂಡ್ರಿ?"

"ದೂರು ಕೊಡು, ಕೊಡು," ಎಂದು ಮೂರನೇ ಮಹಡಿಯ ಕಿಟಕಿಯಿಂದ ಅಜ್ಜಿಯೂ ಸೇರಿಕೊಂಡಳು. "ನಿಜವಾದ ಆಫೀಸಿನೋರೇ ಬರ್ಲಿ. ಮೆಟ್ಟಿಲು ನಾನೇ ತೋರಿಸ್ತೀನಿ."

ಯಜಮಾನ ದೂರಿನ ಮಾತನ್ನು ಅಲ್ಲಿಗೇ ಬಿಟ್ಟ. ಆ ಕಡೆ ಈ ಕಡೆ ನೋಡಿ, "ಇಷ್ಟು ವಾರದಿಂದ ಏನ್ ತೆಗೆದ್ರಿ, ಅದನ್ನಾದ್ರೂ ತೋರಿಸಿ ಮತ್ತೆ," ಎಂದ.

ಫೋಕಸ್ ಕ್ಯಾಮೆರಾದ ಹಿಂದಿನ ಪುಟ್ಟ ತೆರೆಯಲ್ಲಿ ಒಂದೊಂದೇ ತೋರಿಸಿದ. ಕಂದು ಕೊಂಬೆಗಳು. ಬಿಸಿಲಿನ ಗೆರೆಗಳು. ಹಸಿರಿನ ಕೆಳಗೆ ಇಣುಕುವ ನೀಲಿ. ಯಜಮಾನ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ. ನೀಲಿಯ ಹತ್ತಿರ ಬಂದಾಗ, "ನಿಲ್ಸಿ, ನಿಲ್ಸಿ," ಎಂದ.

"ಈ ನೀಲಿ ನಮ್ಮಪ್ಪ ಬಳಿಸಿದ್ದು. ಹಸಿ ಬಣ್ಣಕ್ಕೆ ಹೊಸ ಅಂಗಿ ಒರಗಿಸ್ಕೊಂಡು ನಿಂತಿದ್ದೆ. ಒದೆ ಬಿತ್ತು ನೋಡಿ ಆವತ್ತು!" ಅವನು ಇನ್ನೂ ಕೆಲವು ಫೋಟೋಗಳನ್ನು ನೋಡಿದ. "ಇದು ನಮ್ಮದೇ ಗೋಡೆನಾ? ಇಷ್ಟು ಚೆನ್ನಾಗಿತ್ತಾ?"

ಫೋಕಸ್ಸಿನ ಕಣ್ಣುಗಳು ಅರಳಿದವು. ಇಷ್ಟು ವರ್ಷಕ್ಕೆ ಒಬ್ಬನಾದರೂ ಸಿಕ್ಕ!

"ಹಾಗಾದ್ರೆ ಹಳೇದು ಹಾಗೇ ಇರೋದೇ ಚೆಂದ ಅಂದಂಗಾಯ್ತು," ಎಂದ ಯಜಮಾನ, ಮುಖ ಬೆಳಗಿಸಿಕೊಂಡು. "ಕಲೆ ಗೊತ್ತಿರೋರು ನೀವು. ನೀವೇ ಹೇಳಿ ಈ ಜನಕ್ಕೆ. ಮೆಟ್ಟಿಲು, ಸೂರು ಎಲ್ಲಾ ಹಾಗೇ ಬಿಟ್ಬಿಡೋಣ, ಅಲ್ವಾ?"

"ನೋಡ್ದ್ಯಾ ಇವನ್ನ! ನೆಪ ಸಿಗೋದನ್ನೇ ಕಾಯ್ತಿದ್ದ!" ಎಂದು ಮೇಲಿನಿಂದ ಕೂಗು ಬಂತು.

ಎಲ್ಲರೂ ಫೋಕಸ್ಸನ್ನೇ ನೋಡಿದರು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಏನಾದರೂ ಹೇಳಿ ಜಾರಿಕೊಳ್ಳುವುದು ಅವನ ಸ್ವಭಾವ. ಅದೂ ಅಲ್ಲದೆ, ಸ್ವಲ್ಪ ಹೊತ್ತಿನ ಮುಂಚೆ ಕಂಬಿಯಿಲ್ಲದ ಆ ಮೆಟ್ಟಿಲುಗಳ ಮೇಲೆ ಬಿಸಿಲು ಅಡ್ಡಲಾಗಿ ಬಿದ್ದಿದ್ದನ್ನು ಅವನು ಕಂಡಿದ್ದ. ತಡೆಯೇ ಇಲ್ಲದೆ ಬಂದ ಬಿಸಿಲು, ಒಂದೊಂದು ಮೆಟ್ಟಿಲಿಗೂ ಚಾಕುವಿನಿಂದ ಕೊಯ್ದಂಥ ನೆರಳು. ಚೆಂದದಲ್ಲಿ ಆ ಗೋಡೆಗಿಂತ ಒಂದು ಕೈ ಮೇಲು.

"ಚೆಂದ ಇದೆ," ಎಂದ ಅವನು. ಹೆಂಡತಿ ಹಣೆಗೆ ಕೈ ಹಚ್ಚಿಕೊಂಡಳು. "ಆದ್ರೆ ಕಂಬಿ ಹಾಕ್ಸಿ. ಯಾರಾದ್ರೂ ಬಿದ್ರೆ ಚೆಂದ ಇಟ್ಕೊಂಡು ಏನ್ ಮಾಡೋದು?"

ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಆ ದಿನದ ದೊಡ್ಡ ಮನುಷ್ಯನಾಗುತ್ತಿದ್ದ. ಆದರೆ ಯಜಮಾನ ತಲೆಯಾಡಿಸುತ್ತಿದ್ದ ಹಾಗೆಯೇ, "ಹಾಕ್ಸೋದಕ್ಕೆ ಮುಂಚೆ... ಒಂದ್ ಫೋಟೋ ತಕ್ಕೊಂಡ್ಬಿಡ್ಲಾ?" ಎಂದು ಸೇರಿಸಿದ. ಯಜಮಾನನಿಗೂ ನಗು ಬಂತು.

ಫೋಕಸ್ ಮತ್ತೆ ಮೇಲೆ ಹೋಗಿ ಎರಡನೇ ಮಹಡಿಯ ಮೂಲೆಯಲ್ಲಿ ಕೂತ. ಬೆಳಕು ಇನ್ನೂ ಇತ್ತು. ಚೌಕಟ್ಟು ಹೊಂದಿಸಿಕೊಂಡು, ಉಸಿರು ಹಿಡಿದು ಇನ್ನೇನು ಒತ್ತಬೇಕು, ಅಜ್ಜಿ ಕೆಳಗಿನ ಗದ್ದಲ ನೋಡಲು ಇಳಿದು ಬರತೊಡಗಿದಳು. ಒಂದು ಅಂಗೈ ಗೋಡೆಗೆ ಒತ್ತಿಕೊಂಡು, ಕಾಲಿನಿಂದ ಮೆಟ್ಟಿಲ ಅಂಚು ತಡವಿ, ಒಂದೊಂದೇ. ಫೋಕಸ್ ಅಭ್ಯಾಸದಂತೆ ಆಕೆ ದಾಟಲಿ ಎಂದು ಕಾದ. ಆಕೆ ದಾಟಲಿಲ್ಲ. ನಡುವಿನಲ್ಲಿ ದಮ್ಮು ತೆಗೆದುಕೊಳ್ಳಲು ನಿಂತಳು. ಇವನು ಕೂತಿರುವುದನ್ನು ಕಂಡು, "ಇಲ್ಲೂ ಬಂದ್ಯಾ ಮಾರಾಯ!" ಎಂದು ಬಾಯ್ತುಂಬ ನಕ್ಕಳು. ಬಿಸಿಲು ಆಕೆಯ ಅರ್ಧ ಮುಖಕ್ಕೆ ಹೊಡೆದಿತ್ತು. ಹಿಂದೆ ಗೋಡೆಯ ಮೇಲೆ, ಇಲ್ಲದ ಕಂಬಿಯನ್ನು ಹಿಡಿದುಕೊಂಡ ಹಾಗೆ ಆಕೆಯ ನೆರಳು. ಫೋಕಸ್ ಯೋಚಿಸುವುದಕ್ಕೆ ಮುಂಚೆ ಅವನ ಬೆರಳು ಒತ್ತಿಬಿಟ್ಟಿತ್ತು.

ಕಂಬಿ ತಕ್ಷಣ ಬರಲಿಲ್ಲ. ಕಬ್ಬಿಣದ ಕೆಲಸದವನು ನಾಳೆ ಬರುತ್ತಾನೆ, ನಾಡಿದ್ದು ಬರುತ್ತಾನೆ ಎಂದು ಯಜಮಾನ ಒಂದಷ್ಟು ಕಾಲ ತಳ್ಳಿದ. ಫೋಕಸ್ ದೊಡ್ಡದಾಗಿ ಅಚ್ಚು ಹಾಕಿಸಿದ ಅಜ್ಜಿಯ ಫೋಟೋವನ್ನು ಕೆಳಗಿನ ಅಂಗಡಿಯಲ್ಲಿ, ಬರುವವರಿಗೆಲ್ಲ ಕಾಣುವ ಹಾಗೆ ದರ್ಜಿಯೇ ತೂಗುಹಾಕಿದ. ಬಟ್ಟೆ ಹೊಲಿಸಲು ಬಂದವರು, "ಅಯ್ಯೋ, ಮೆಟ್ಟಿಲಿಗೆ ಕಂಬಿ ಇಲ್ವಾ? ಯಾರ ಕಟ್ಟಡ ಇದು?" ಎಂದು ಕೇಳುವುದು ಹೆಚ್ಚಾಯಿತು. ಆಮೇಲೆ ಕಂಬಿಯೂ ಬಂತು, ಸೂರಿನ ಮೇಲೆ ಗಾರೆಯೂ ಬಿತ್ತು.

ಫೋಟೋ ನೋಡಿ ಎಲ್ಲರೂ ಹೊಗಳಿದರು, ಅಜ್ಜಿಯೊಬ್ಬಳನ್ನು ಬಿಟ್ಟು. ಆಕೆ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಕೊನೆಗೆ ಇವನ ಮೇಲೆ ಹರಿಹಾಯ್ದಳು.

"ಆವತ್ತು ನಾನು ಹಲ್ಲೇ ಹಾಕ್ಕೊಂಡಿರ್ಲಿಲ್ಲ! ಹಲ್ಲು ಕಟ್ಟೋನು ನೀನು, ನಿಂಗದು ಕಾಣಿಸ್ಲಿಲ್ವಾ?"

ಫೋಕಸ್ ಫೋಟೋವನ್ನು ಮತ್ತೆ ನೋಡಿದ. ನಿಜ. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಎಷ್ಟೋ ದಿನ ಆ ಫೋಟೋವನ್ನು ಎದುರಿಗಿಟ್ಟುಕೊಂಡು ಕೂತಿದ್ದರೂ ಅವನಿಗೆ ಬರೀ ನಗುವೇ ಕಂಡಿತ್ತು.

"ಹಲ್ಲು ಹಾಕ್ಕೊಂಡು ಇನ್ನೊಂದು ತೆಗಿ," ಎಂದು ಅಜ್ಜಿ ಹಸಿರು ಗೋಡೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಳು. ಅದನ್ನು ನೋಡಿ ದರ್ಜಿ ತನ್ನ ಸಂಸಾರವನ್ನು ಕರೆತಂದ. ಮೊದಲನೇ ಮಹಡಿಯವರು ಬಟ್ಟೆ ಬದಲಾಯಿಸಿ ಬಂದರು. ಗಿಣಿ ಹಸಿರು ಎಲ್ಲರ ಮುಖಕ್ಕೂ ಹೊಡೆದು ಇಡೀ ಕಟ್ಟಡಕ್ಕೇ ಕಾಮಾಲೆ ಬಂದ ಹಾಗೆ ಕಾಣುತ್ತಿತ್ತು. ಅವರಿಗೆಲ್ಲ ಅದೇ ಬಹಳ ಇಷ್ಟವಾಯಿತು. ಹೆಂಡತಿ ಒಬ್ಬೊಬ್ಬರನ್ನಾಗಿ ಸಾಲಿನಲ್ಲಿ ನಿಲ್ಲಿಸಿ, ಕೊನೆಗೆ ತಾನೂ ಹೋಗಿ ಕೂತು, "ಮೊಣಕೈ ಒಂದೇ ಅಲ್ಲ, ಪೂರ್ತಿ ಬರ್ಬೇಕು," ಎಂದು ಆಜ್ಞೆ ಮಾಡಿದಳು. ಅವನು ಪೂರ್ತಿ ತೆಗೆದ. ಒಂದಲ್ಲ, ಬೇಕಾದಷ್ಟು.

ಅಲ್ಲಿಂದ ಹೊರಟು ಬೀದಿಯ ತುದಿಗೆ ಬಂದಿದ್ದರಷ್ಟೇ. ಪಕ್ಕದ ಕಟ್ಟಡದಿಂದ ಒಬ್ಬ ಹೆಂಗಸು ಒದ್ದೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು.

"ಅಣ್ಣಾ, ಒಂದ್ನಿಮಿಷ. ನಮ್ಮ ಕಡೆಗೂ ಒಂದೆರಡು ಭಾನುವಾರ ಬಂದು ಕ್ಯಾಮೆರಾ ಹಿಡ್ಕೊಂಡು ನಿಂತ್ಕೋತೀರಾ? ನೀವೇನೂ ಮಾತಾಡ್ಬೇಕಾಗಿಲ್ಲ."

ತಾನು ಇನ್ಸ್‌ಪೆಕ್ಟರಲ್ಲ ಎಂದು ಫೋಕಸ್ ಈ ಸಲ ಮೊದಲೇ ಹೇಳಿದ.

"ಅದು ಬೀದಿಗೆಲ್ಲ ಗೊತ್ತಲ್ಲ! ನಮ್ಮ ಕಟ್ಟಡದ ಯಜಮಾನ್ರು ಮಾತ್ರ ಊರಲ್ಲಿ ಇರ್ಲಿಲ್ಲ."

"ಅವ್ರಿಗೂ ಮೊದ್ಲು ಹೇಳಿಯೇ ನಿಂತ್ಕೊಳ್ಳೋದು," ಎಂದ ಫೋಕಸ್ ಗಟ್ಟಿಯಾಗಿ.

"ಸೋರೋದು ಎಷ್ಟನೇ ಮಹಡಿಲಿ?" ಎಂದು ಹೆಂಡತಿ ಆಗಲೇ ವಿಚಾರಿಸುತ್ತಿದ್ದಳು.

ಫೋಕಸ್ ತಲೆ ಎತ್ತಿ ಆ ಕಟ್ಟಡವನ್ನು ನೋಡಿದ. ನೀರಿನ ತೊಟ್ಟಿಯ ಕೆಳಗೆ, ಗೋಡೆಯ ಉದ್ದಕ್ಕೂ, ದಟ್ಟವಾಗಿ ಪಾಚಿ ಬೆಳೆದಿತ್ತು. ಅವನ ಕೈ ತಾನಾಗಿಯೇ ಲೆನ್ಸಿನ ಮುಚ್ಚಳ ತೆಗೆಯತೊಡಗಿತು.